ಎಂಟು ವರ್ಷದೊಳಗಿನ ನೀರು

ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು ಯಾವಾಗ ರೂಢಿಯಾಯಿತೋ ನೆನಪಿಲ್ಲ. ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಅರ್ಧ ತರಗತಿ ಹಾಗೆಯೇ ನಗುತ್ತಿತ್ತು. ನಮ್ಮ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು, ಚಹಾ ಚೆಲ್ಲಿ ಒಣಗಿದ ಹಾಗೆ. ಊರು ಬಿಟ್ಟು ಹೊರಗೆ ಹೋದಾಗಲೇ ಅವು ಎದ್ದು ಕಾಣುತ್ತಿದ್ದವು. ಒಮ್ಮೆ ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಬ್ಬ ನನ್ನನ್ನೂ ನನ್ನ ಗೆಳತಿಯನ್ನೂ ನೋಡಿ, "ನೀವು ಬಾಯಿ ತೆಗದ್ರ ಸಾಕು, ಎಲ್ಲಿಗೆ ಟಿಕೆಟ್ ಅಂತ ಕೇಳೂದ ಬ್ಯಾಡ," ಎಂದಿದ್ದ. ಗೆಳತಿ ನಕ್ಕಳು, ಕೈ ಅಡ್ಡ ಹಿಡಿದು. ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ.

ಅವ್ವನ ಹಲ್ಲು ಮಾತ್ರ ಬಿಳಿ. ಅವಳ ತವರು ಕಾಲುವೆಯ ಕಡೆ.

"ನಿಂದು ನಿಮ್ಮಪ್ಪನ ಮನಿತನದ ಹಲ್ಲು. ನಮ್ಮ ಕಡೆ ಒಬ್ಬರದೂ ಹಿಂಗಿಲ್ಲ," ಎಂದು ಅಪ್ಪನಿಗೆ ಕೇಳುವಂತೆ ಹೇಳುತ್ತಿದ್ದಳು.

"ಹೌದೌದು. ಹೊಲದ ಜೋಡಿ ಹಲ್ಲೂ ಪಾಲಿಗೆ ಬಂದಾವ," ಎನ್ನುತ್ತಿದ್ದ ಅಪ್ಪ.

ಒಂಬತ್ತನೇ ತರಗತಿಯಲ್ಲಿ ನಿಜವಾದ ಕಾರಣ ಓದಿದೆ. ನೆಲದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಅದು ಸೇರಿಕೊಳ್ಳುತ್ತದೆ. ನಮ್ಮ ಮನೆಗೆ ಓಣಿಯ ಬೋರಿನ ನೀರು. ಅದನ್ನು ಹೊತ್ತು ತಂದು, ಬಿಳಿ ಬಟ್ಟೆಯಲ್ಲಿ ಸೋಸಿ, ನನಗೆ ಕುಡಿಸಿದವಳು ಅವ್ವ. ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಮನೆತನದ ಹಲ್ಲು ಎಂಬ ಮಾತೇ ಇರಲಿ, ಅದರಲ್ಲಿ ಯಾರಿಗೂ ನೋವಿಲ್ಲ ಎಂದುಕೊಂಡೆ.

ಮರುವರ್ಷ ಗಂಗಾವತಿಯ ಹತ್ತಿರದ ಒಂದು ವಸತಿ ಶಾಲೆಯಲ್ಲಿ ನೆರೆದೇಶಗಳ ಶಾಲಾ ಮಕ್ಕಳಿಗಾಗಿ ರಸಾಯನಶಾಸ್ತ್ರದ ಸ್ಪರ್ಧೆ ನಡೆಯಿತು. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಿಂದ ಮಕ್ಕಳು ಬಂದಿದ್ದರು. ನಮ್ಮ ಜಿಲ್ಲೆಗೂ ಒಂದು ತಂಡದ ಅವಕಾಶ ಸಿಕ್ಕಿತು: ನಾನು, ಮತ್ತು ಗಂಗಾವತಿಯ ಅಕ್ಕಿ ಗಿರಣಿಯವರ ಮಗ. ಪ್ರತಿ ತಂಡವೂ ತನ್ನ ಊರಿನ ನೀರನ್ನು ತಂದು, ಅಲ್ಲಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಕಂಡದ್ದನ್ನು ಸಭೆಯ ಮುಂದೆ ಇಂಗ್ಲಿಷಿನಲ್ಲಿ ವಿವರಿಸಬೇಕಿತ್ತು. ನಮ್ಮ ಮೇಷ್ಟ್ರು ನಮ್ಮೋಣಿಯ ಬೋರಿನ ನೀರನ್ನೇ ಆರಿಸಿದರು.

"ಮಾತು ನೀನ ಆಡಬೇಕು. ನಂಗ ಅದರಾಗ ನೀರು ಐತಿ ಅನ್ನೂದೊಂದ ಗೊತ್ತು," ಎಂದ ನನ್ನ ಜೊತೆಗಾರ.

ಸ್ಪರ್ಧೆ ಹತ್ತಿರ ಬಂದಂತೆ ದಿನಾ ಬೆಳಿಗ್ಗೆ ನಿಂಬೆರಸ, ಅಡುಗೆ ಸೋಡಾ ಹಚ್ಚಿ ಹಲ್ಲು ತಿಕ್ಕಿದೆ. ಕಲೆ ಹಲ್ಲಿನ ಮೇಲಿಲ್ಲ, ಒಳಗಿದೆ ಎಂದು ಸ್ಪರ್ಧೆಗಾಗಿ ಮಾಡಿದ ಪೋಸ್ಟರಿನಲ್ಲಿ ಬರೆದವಳು ನಾನೇ. ಆದರೂ ತಿಕ್ಕಿದೆ. ನೊರೆ ಎದ್ದು ಇಳಿಯುತ್ತಿತ್ತು, ಅಷ್ಟೇ. ಒಸಡು ಉರಿಯುತ್ತಿತ್ತು.

ನೋಡಲು ತಾನೂ ಬರುತ್ತೇನೆ ಎಂದು ಅವ್ವ ಹೇಳಿದಾಗ ಬೇಡ ಎನ್ನಲಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದೇ ನನಗಿದ್ದ ಧೈರ್ಯ. ಅಂದು ನಾನು ಎರಡನ್ನು ಮುಚ್ಚಿಟ್ಟುಕೊಳ್ಳಬೇಕಿತ್ತು: ಸಭೆಯಿಂದ ಹಲ್ಲು, ಅವ್ವನಿಂದ ಅದರ ಕಾರಣ.

ನಮಗಿಂತ ಮೊದಲು ಶ್ರೀಲಂಕಾದ ತಂಡದ ಹುಡುಗಿಯೊಬ್ಬಳು ಮಾತಾಡಿದಳು. ತಮ್ಮದು ದೇಶದ ಒಣ ಭಾಗ, ಬಾವಿ ನೀರು ಎಂದು ಆ ಹುಡುಗಿ ಹೇಳಿದಾಗಲೇ ಮುಂದೇನು ಬರುತ್ತದೆಂದು ನನಗೆ ಗೊತ್ತಾಯಿತು. ಫ್ಲೋರೈಡ್ ಏನು ಮಾಡುತ್ತದೆ ಎಂದು ತೋರಿಸಲು ಅವಳು ಚಿತ್ರ ತಂದಿರಲಿಲ್ಲ. ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ, ಸಭೆಯ ಎಡಕ್ಕೂ ಬಲಕ್ಕೂ ತಿರುಗಿದಳು. ಅವೇ ಕಂದು ಪಟ್ಟಿಗಳು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಬಾಯಿ ತುಂಬ. ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನ ಹಲ್ಲನ್ನೇ ಯಾರೋ ತೋರಿಸಿದ ಹಾಗಿತ್ತು.

ನಮ್ಮ ಸರದಿ ಬಂದಾಗ ಕರವಸ್ತ್ರವನ್ನು ಬಾಯಿಯ ಹತ್ತಿರ ಹಿಡಿದೇ ಶುರುಮಾಡಿದೆ. ತೀರ್ಪುಗಾರರಲ್ಲಿ ಒಬ್ಬರು ನಮ್ಮ ಕಡೆಯ ಪ್ರಾಧ್ಯಾಪಕಿ. ಜೋರಾಗಿ ಹೇಳು ಎಂದು ಎರಡು ಸಲ ಇಂಗ್ಲಿಷಿನಲ್ಲಿ ಹೇಳಿದರು. ಮೂರನೆಯ ಸಲ, "ಕೈ ತೆಗಿಯವ್ವಾ, ಏನೂ ಕೇಳವಲ್ದು," ಎಂದರು.

ನಾನು ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದೆ. ಜೊತೆಗಾರ ಮುಂದೆ ಬಂದ. "ಅಕಿಗೆ ಹಲ್ಲುನೋವು ಐತ್ರಿ ಮೇಡಮ್."

ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ನಮ್ಮ ಜಿಲ್ಲೆಯ ಮೇಷ್ಟ್ರುಗಳಿಂದ ಸಣ್ಣ ನಗು ಕೇಳಿಸಿತು. ಉಳಿದದ್ದನ್ನು ಅವನೇ ಓದಿ ಮುಗಿಸಿದ. ಆಗ ಪ್ರಾಧ್ಯಾಪಕಿ ಅವನಿಗೊಂದು ಪ್ರಶ್ನೆ ಹಾಕಿದರು. ಅವನು ಹಾಳೆ ತಿರುವಿದ. ಪಾಪ, ಇಂಗ್ಲಿಷ್ ತೊಡಕಾಗಿರಬೇಕು ಎಂದು ಅವರು ಅದನ್ನೇ ಕನ್ನಡದಲ್ಲಿ ಕೇಳಿದರು: "ಯಾವ ವಯಸ್ಸಿನಾಗ ಕುಡಿದ ನೀರಿನಿಂದ ಹಿಂಗಾಗ್ತೈತಿ?"

ಅವನು ನನ್ನ ಮುಖ ನೋಡಿದ.

"ಎಂಟು ವರ್ಷ ತುಂಬೂದ್ರೊಳಗ್ರಿ," ಎಂದೆ. "ಸಣ್ಣವರಿದ್ದಾಗ ಮನ್ಯಾಗ ಕುಡಿಸಿದ ನೀರಿನಿಂದ್ರಿ. ಆಮ್ಯಾಲ ಏನ್ ಮಾಡಿದ್ರೂ ಹೋಗೂದಿಲ್ರಿ."

ಗೊತ್ತಿದ್ದ ಉತ್ತರ ಬಾಯಿಂದ ಜಾರಿತು, ಕೇಳಿದ ಭಾಷೆಯಲ್ಲೇ. ಕರವಸ್ತ್ರ ಕೆಳಗಿಳಿದಿತ್ತು. ಅವರು ನನ್ನ ಬಾಯನ್ನು ನೋಡಿದರು.

"ನಿಂಗ ಹಲ್ಲುನೋವು ಇಲ್ಲಲ್ಲವ್ವಾ?"

"ಇಲ್ರಿ. ನನ್ನ ಹಲ್ಲು ಹಿಂಗ ಅದಾವ್ರಿ."

ಅವರು ಮೃದುವಾಗಿ ತಲೆಯಾಡಿಸಿ, ನಾನು ಹೇಳಿದ್ದನ್ನು ಉಳಿದ ದೇಶಗಳವರಿಗಾಗಿ ಇಂಗ್ಲಿಷಿಗೆ ತಿರುಗಿಸಿದರು. ಒಂದು ಸಲ ಹೇಳಿದ್ದೇ ನನಗೆ ಹೆಚ್ಚಾಗಿತ್ತು. ಚಪ್ಪಾಳೆ ಬಿತ್ತು. ನಾನು ಅವ್ವನನ್ನು ಹುಡುಕಿದೆ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಸೆರಗಿನ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಅಷ್ಟು ಬಿಳಿಯ ಹಲ್ಲಿನವಳು.

ನಮ್ಮ ತಂಡ ಮುಂದಿನ ಸುತ್ತಿಗೆ ಹೋಗಲಿಲ್ಲ. "ಮೊದ್ಲ ಹೇಳಿದ್ರ ಗಂಟಲ ನೋವು ಅಂತಿದ್ದೆ. ಅಷ್ಟೆಲ್ಲಾ ಸುಳ್ಳಿನಾಗ ಹಲ್ಲುನೋವ ಸಿಗಬೇಕಾ ನಂಗ," ಎಂದ ಜೊತೆಗಾರ, ಹೊರಗೆ ಬಂದ ಮೇಲೆ. ನನ್ನ ಕಡೆ ನೋಡದೆಯೇ ಹೇಳಿದ. ಆ ಒಳ್ಳೆಯತನವನ್ನೂ ನನಗೆ ತಡೆದುಕೊಳ್ಳಲಾಗಲಿಲ್ಲ.

ಗುಂಪು ಫೋಟೊ ತೆಗೆಯುವಾಗ ಶ್ರೀಲಂಕಾದ ಹುಡುಗಿ ಹುಡುಕಿಕೊಂಡು ಬಂದು ನನ್ನ ಪಕ್ಕ ನಿಂತಳು. ತನ್ನ ಹಲ್ಲು ತೋರಿಸಿ, ನನ್ನ ಕಡೆ ಬೆರಳು ಮಾಡಿ, ಬಾವಿಯೋ ಪಂಪೋ ಎಂದು ಕೇಳಿದಳು. ಪಂಪು ಎಂದೆ. ಮತ್ತೆ ಕೈ ಬಾಯಿಗೆ ಹೋಗಿತ್ತು.

ವಾಪಸು ಬರುವ ಬಸ್ಸು ಕನಕಗಿರಿ ದಾಟಿತು. ಭತ್ತದ ಹಸಿರು ಮುಗಿದು ಒಣ ಹೊಲಗಳು ಶುರುವಾಗಿದ್ದವು. ಅಷ್ಟರಲ್ಲಿ ಮೇಷ್ಟ್ರು ಅವಳ ಮೊಬೈಲಿಗೆ ಫೋಟೊ ಕಳಿಸಿದರು. ಅದನ್ನು ಹತ್ತಿರ ಹಿಡಿದು ನೋಡಿದಳು. ಅದರಲ್ಲಿ ನನ್ನ ತುಟಿ ಬಿಗಿದಿದೆ, ಪಕ್ಕದವಳು ನಗುತ್ತಿದ್ದಾಳೆ.

"ಇಕಿ ಯಾವೂರಾಕಿ? ಯಲಬುರ್ಗಾ ಕಡಿಯಾಕೇನು?"

"ಅಲ್ಲಬೇ. ಶ್ರೀಲಂಕಾದಾಕಿ."

ಅವ್ವ ಆ ನಗುವನ್ನು ಬಹಳ ಹೊತ್ತು ನೋಡಿದಳು. "ಅಲ್ಲೂ ಯಾರೋ ಅವ್ವ ಗೊತ್ತಿಲ್ದ ಕುಡಿಸ್ಯಾಳ," ಎಂದಳು.

ಬಾಯಾರಿದೆ ಎಂದೆ, ಮಾತು ಬೇರೆ ಕಡೆ ಹೋಗಲಿ ಎಂದು. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಯಾವಾಗಲೂ ಮುಚ್ಚಳ ಬಿಚ್ಚಿ ಸೀದಾ ನನ್ನ ಕೈಗಿಡುತ್ತಿದ್ದವಳು ಆ ದಿನ ಒಂದು ಕ್ಷಣ ತಡೆದಳು.

"ಇದು ಬೋರಿಂದಲ್ಲ. ಫಿಲ್ಟರ್ ನೀರು," ಎಂದಳು, ನಾನು ಕೇಳದಿದ್ದರೂ.