ಬಲಕ್ಕೆ ಬಿದ್ದ ಹೂವು

ತೊಂಬತ್ತರ ದಶಕದ ಮಾತು. ಅಕ್ಕನನ್ನು ನಾಗಮಂಗಲದ ಕಡೆಗೆ ಕೊಡಬಹುದೇ ಎಂದು ಅವ್ವ ಪಾಂಡವಪುರದ ಹತ್ತಿರದ ನಮ್ಮೂರಿನ ದೇವಿಯ ಮುಂದೆ ಹೂವು ಕೇಳಿದಳು. ಹೂವು ಬಲಕ್ಕೆ ಬಿತ್ತು. ಅದೇ ಒಪ್ಪಿಗೆಯಾಗಿ ಮದುವೆ ನಡೆದು ಅಕ್ಕ ಹೊರಟುಹೋದಳು. ನಮ್ಮಿಬ್ಬರ ಚಾಪೆಯಲ್ಲಿ ಒಬ್ಬಳೇ ಮಲಗುವಂತಾದ ಮೇಲೆ ನಾನು ಆ ದೇವಿಗೆ ಕೈಮುಗಿಯುವುದನ್ನೇ ಬಿಟ್ಟೆ.

ಮುಂದೊಮ್ಮೆ ಅಕ್ಕನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳಿದೆ: "ಊವು ಎಡಕ್ಕೆ ಬಿದ್ದಿದ್ರೆ ನೀನು ನಮ್ಜೊತೇಲೇ ಇರ್ತಿದ್ದೆ, ಅಲ್ವಾ ಅಕ್ಕ?"

"ಇಲ್ಲ ಕಣವ್ವ. ನೋಡಕ್ ಬಂದಾಗ್ಲೇ ಅವ್ರು ನನ್ ಮನ್ಸಿಗೆ ಇಡಿಸ್ಬುಟ್ಟಿದ್ರು. ಎಡಕ್ಕೆ ಬಿದ್ದಿದ್ರೆ ಇನ್ನೊಂದ್ಸಲ ಕೇಳವ್ವ ಅಂತಿದ್ದೆ."

"ಅಂಗೆ ಇಡ್ಸಿದ್ದೂ ಅಣೇಲಿ ಬರ್ದಿತ್ತೇನೋ."

"ಬರ್ದಿದ್ರೆ ಬರ್ದಿರ್ಲಿ. ಆಸೆ ಪಟ್ಟೋಳು ನಾನೇ ತಾನೆ?"

ಊರಿಗೆ ಮರಳುವ ಬಸ್ಸಿನಲ್ಲಿ ದೇವಿಯ ಮೇಲಿನ ಸಿಟ್ಟು ಇರಲಿಲ್ಲ. ಅಕ್ಕ ಬೇಕು ಅನ್ನುವುದೊಂದೇ ಉಳಿದಿತ್ತು.