ವತ್ಸಲಾ ಅಕ್ಕೋರು ಹೇಳಿದ ಒಂದು ಸುಳ್ಳು

ವಿಜ್ಞಾನ ಕಲಿಸುವ ವತ್ಸಲಾ ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಕಲ್ಲು ಹಿಡಿದು ಮೇಜಿನ ಮೇಲೆ ಹತ್ತಿ ನಿಂತರೆಂದರೆ ಪಕ್ಕದ ಕೋಣೆಯಲ್ಲಿ ನನ್ನ ಕನ್ನಡ ಪಾಠ ಅಲ್ಲಿಗೆ ಮುಗಿದ ಹಾಗೆ. ನನ್ನ ಕ್ಲಾಸಿನ ಮಕ್ಕಳೆಲ್ಲ ಕುತ್ತಿಗೆ ಉದ್ದ ಮಾಡಿ ಕಿಟಕಿಯತ್ತಲೇ ನೋಡುತ್ತಿದ್ದರು. ನೆಲದ ಮೇಲೆ ದೊಡ್ಡ ಹರಿವಾಣ, ಅದರ ತುಂಬ ಬಚ್ಚಲ ಒಲೆಯ ಬೂದಿ, ಬೂದಿಯ ಮೇಲೆ ತೆಳ್ಳಗೆ ಜರಡಿ ಹಿಡಿದ ಕೆಮ್ಮಣ್ಣು. "ಬಂತು, ಬಂತು, ಹಿಂದೆ ಸರ್ಕೊಳ್ಳಿ!" ಎಂದು ಕೂಗಿ ಅವರು ಕಲ್ಲು ಬಿಡುತ್ತಿದ್ದರು. ಧಪ್ ಎಂದು ಕೆಂಪು ಹರಿದು, ಒಳಗಿನ ಬಿಳಿ ಬೂದಿ ಸುತ್ತಲೂ ಗೆರೆಗೆರೆಯಾಗಿ ಚಿಮ್ಮಿ, ನಡುವೆ ಗುಂಡನೆಯ ಕುಳಿ ಬೀಳುತ್ತಿತ್ತು. ಮಕ್ಕಳು ಹೋ ಎನ್ನುತ್ತಿದ್ದರು. ಅಕ್ಕೋರ ಮೂಗು, ಕನ್ನಡಕ, ಸೀರೆಯ ನೆರಿಗೆ ಎಲ್ಲ ಬೂದಿ.

"ಹುಣ್ಣಿಮೆ ದಿನ ಚಂದ್ರನ್ನ ನೋಡಿ. ಇಂಥವೇ ಕುಳಿ, ಇಂಥವೇ ಗೆರೆ. ಸೂರ್ಯ ಆಗಷ್ಟೇ ಹುಟ್ಟಿದ ಕಾಲ. ಗ್ರಹ ಕಟ್ಟಿ ಉಳಿದ ಕಲ್ಲು, ಮಂಜುಗಡ್ಡೆ ಎಲ್ಲ ಕಂಡಕಂಡಲ್ಲಿ ತಿರುಗ್ತಿದ್ವು. ಪುಸ್ತಕದಲ್ಲಿ ಕ್ಷುದ್ರಗ್ರಹ, ಧೂಮಕೇತು ಅಂತ ಇದೆಯಲ್ಲ, ಅವೇ. ಭೂಮಿಗೂ ಬಿದ್ದವು, ಚಂದ್ರಂಗೂ ಬಿದ್ದವು. ನಮ್ಮ ಭೂಮಿದು ಮಳೆ, ಗಾಳಿ, ಸಮುದ್ರ ಸೇರಿ ಅಳಿಸಿ ಹಾಕಿದ್ವು. ಚಂದ್ರನ ಹತ್ರ ಮಳೆ ಎಲ್ಲಿದೆ? ಅಂವ ಇನ್ನೂ ಹಾಗೇ ಹೊತ್ಕೊಂಡು ತಿರುಗ್ತಾನೆ."

ಭೂಮಿ ಇನ್ನೂ ಎಳೆಯದಾಗಿದ್ದಾಗ ಮಂಗಳ ಗ್ರಹದಷ್ಟು ದೊಡ್ಡ ಗೋಳವೊಂದು ಬಂದು ಬಡಿಯಿತಂತೆ, ಸಿಡಿದದ್ದೆಲ್ಲ ಕೂಡಿ ಚಂದ್ರ ಆಯಿತಂತೆ ಎನ್ನುವಾಗ ಅವರ ದನಿ ನಡುಗುತ್ತಿತ್ತು, ಹೆದರಿಕೆಯಿಂದಲ್ಲ, ಸಂಭ್ರಮದಿಂದ. "ಅಂತೆ" ಎಂಬುದನ್ನು ಮಾತ್ರ ಒತ್ತಿ ಹೇಳುತ್ತಿದ್ದರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವುದು ಅವರಿಂದ ಆಗುತ್ತಿರಲಿಲ್ಲ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಬೋರ್ಡಿನ ಮೂಲೆಯಲ್ಲಿ ಪ್ರಶ್ನೆ ಬರೆದು, ಕೆಳಗೆ "ಗೊತ್ತಿಲ್ಲ" ಎಂದು ಬರೆದಿಡುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಕಂಡು, "ಏನಮ್ಮ ಇದು, ಟೀಚರಾಗಿ ಗೊತ್ತಿಲ್ಲ ಅಂತೀರಿ?" ಎಂದರು. ಅಕ್ಕೋರು, "ಸಮುದ್ರದ ನೀರಲ್ಲಿ ಎಷ್ಟು ಪಾಲು ಆ ಕಲ್ಲುಗಳ ಜೊತೆ ಬಂತು ಅಂತ ಕೇಳಿದ್ದಾರೆ ಸರ್. ನಿಮಗೆ ಗೊತ್ತಿದ್ರೆ ಈಗಲೇ ಅಳಿಸ್ತೇನೆ" ಎಂದರು. ಹೆಡ್ ಮಾಸ್ತರರು ಛಾವಣಿ ನೋಡತೊಡಗಿದರು.

ನಾವಿಬ್ಬರೂ ಕಾರವಾರದವರು, ಕೆಲಸ ಅಂಕೋಲೆಯ ಕಡೆಯ ಒಂದೇ ಹೈಸ್ಕೂಲಿನಲ್ಲಿ. ದಿನವೂ ಒಂದೇ ಬಸ್ಸು. ಅವರು ನನಗಿಂತ ಬಹಳ ದೊಡ್ಡವರು, ಆದರೂ ನನ್ನನ್ನು "ಮಾರಾಯ್ತಿ" ಎಂದೇ ಕರೆಯುತ್ತಿದ್ದರು. ಕಡಲು ಕಾಣುವ ಬದಿಯ ಸೀಟಿಗಾಗಿ ಕಂಡಕ್ಟರನ ಜೊತೆ ಜಗಳಕ್ಕೂ ನಿಲ್ಲುವವರು. ಇಂಥವರು ಒಂದು ವರ್ಷದ ಮಳೆಗಾಲದಲ್ಲಿ ಮಂಕಾದರು.

ಎಂಟನೇ ಇಯತ್ತೆಗೆ ನಾಗವೇಣಿ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ಕದ್ರಾ ಕಡೆಯಿಂದ ಬಂದವಳು, ಈಗ ಬೆಳಂಬಾರದಲ್ಲಿ ಅಜ್ಜಿ ಮನೆಯಲ್ಲಿ ಇದ್ದಾಳೆ ಎನ್ನುವಷ್ಟೇ ನಮಗೆ ಗೊತ್ತಿತ್ತು. ಕಲ್ಲಿನ ಪಾಠ ಆದ ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಕೆಲವು ದಿನ ಕಳೆದು ಅವಳ ತಾಯಿ ಮಾದೇವಿ, ಗದ್ದೆ ಕೂಲಿಗೆ ಹೋಗುವ ಹೆಂಗಸು, ಕೆಸರು ಕಾಲಲ್ಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರೆ, ನೀವು ಎಂತಾ ಪಾಠ ಮಾಡಿದ್ರಿ? ಹುಡ್ಗಿ ರಾತ್ರಿ ಮನಿಕಣೂದಿಲ್ಲ. ಮೇಲೆ ಮಾಡಿನ ಹಂಚು ನೋಡ್ಕಂತ ಕೂತ್ಕಣ್ತದೆ. ಮಳೆ ಜೋರಾದ್ರೆ ನನ್ನೂ ಹೊರಗೆ ಎಳೀತದೆ, ಕಲ್ಲು ಬೀಳ್ತದೆ ಬಾ ಅಂತದೆ."

ಆಮೇಲೆ ಸಂಗತಿ ಹೊರಬಂತು. ಹಿಂದಿನ ಮಳೆಗಾಲದಲ್ಲಿ ಅವಳ ಗಂಡ ಕೂಲಿ ಮುಗಿಸಿ ಗುಡ್ಡದ ಬದಿಯ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಮೇಲಿನಿಂದ ಬಂಡೆ ಉರುಳಿ ಬಿದ್ದು ತೀರಿಕೊಂಡಿದ್ದ. ಮನೆಗೆ ತರುವ ಮುಂಚೆಯೇ ಓಡಿಹೋಗಿ ನೋಡಿದವಳು ನಾಗವೇಣಿ.

ಆ ದಿನ ಬಸ್ಸಿನಲ್ಲಿ ಅಕ್ಕೋರು ಕಡಲಿನ ಬದಿಯ ಸೀಟು ಖಾಲಿ ಇದ್ದರೂ ಕೂರಲಿಲ್ಲ. "ಮಾರಾಯ್ತಿ, ಆ ಹುಡುಗಿ ಎದುರಿನ ಬೆಂಚಲ್ಲೇ ಇತ್ತು. ಬಂತು ಬಂತು ಅಂತ ಕುಣ್ಕೊಂಡು ಕಲ್ಲು ಬಿಟ್ಟೆನಲ್ಲೆ" ಎಂದರು. "ನಿಮಗೆ ಗೊತ್ತಿರಲಿಲ್ಲ" ಎಂದೆ. "ಕೇಳಬಹುದಿತ್ತಲ್ಲ" ಎಂದರು.

ಮರುದಿನ ಸಂಜೆಯಿಂದ ಅವರು ಬೆಳಂಬಾರಕ್ಕೆ ಹೋಗತೊಡಗಿದರು. ಶಾಲೆ ಬಿಟ್ಟ ಮೇಲೆ ರಿಕ್ಷಾ ಹಿಡಿದು ಹೋಗಿ, ಆ ಹುಡುಗಿಯ ಹತ್ತಿರ ಸುಮ್ಮನೆ ಕೂತು ಬರುವುದು. ಒಂದು ದಿನ ನಾನೂ ಜೊತೆಗೆ ಹೋದೆ. ನಾಗವೇಣಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು, ಕೆನ್ನೆ ಒಳಕ್ಕೆ ಹೋಗಿತ್ತು. ಅಕ್ಕೋರು ಮೆಲ್ಲಗೆ ಬಿಡಿಸಿ ಹೇಳಿದರು: ಅದೆಲ್ಲ ಕೋಟಿಗಟ್ಟಲೆ ವರ್ಷದ ಹಿಂದಿನ ಮಾತು, ತಿರುಗುತ್ತಿದ್ದ ದೊಡ್ಡ ಕಲ್ಲುಗಳು ಹೆಚ್ಚಿನವು ಆಗಲೇ ಬಿದ್ದು ಮುಗಿದವು, ಸಣ್ಣವು ಗಾಳಿಯಲ್ಲೇ ಉರಿದು ಹೋಗುತ್ತವೆ, ಈಗ ದೊಡ್ಡದು ಬೀಳುವುದು ಬಹಳ ಬಹಳ ಅಪರೂಪ.

"ಅಪರೂಪ ಅಂದ್ರೆ ಬೀಳ್ತದೆ ಅಂತ್ಲೇ ಅಲ್ವಾ ಅಕ್ಕೋರೆ?" ಎಂದಳು ಹುಡುಗಿ. "ನಮ್ಮ ಅಪ್ಪನ ಮೇಲೆ ಬಿದ್ದದ್ದೂ ಅಪರೂಪಕ್ಕೇ. ಆ ರಸ್ತೇಲಿ ಅದ್ಕಿಂತ ಮುಂಚೆ ಒಂದೂ ಬಿದ್ದಿರ್ಲಿಲ್ಲ."

ಒಳಗಿನಿಂದ ಬಂದ ಮಾದೇವಿ ನೆಲದ ಮೇಲೆ ಕೂತು ಅಕ್ಕೋರ ಕೈ ಹಿಡಿದುಕೊಂಡಳು. "ಬೀಳೂದಿಲ್ಲ ಅಂತ ಒಂದು ಮಾತು ಹೇಳಿ. ನಾ ಹೇಳಿದ್ರೆ ನಂಬೂದಿಲ್ಲ, ನಿಮ್ಮ ಮಾತು ನಂಬ್ತದೆ. ಒಂದು ಮಾತು, ಅಕ್ಕೋರೆ."

ಆ ಹೊತ್ತಿನಲ್ಲಿ ಅಕ್ಕೋರ ಮುಖ ನೋಡಲಾಗುತ್ತಿರಲಿಲ್ಲ. ಮಾಡಿನಿಂದ ನೀರು ಇಳಿಯುತ್ತಿತ್ತು. ಹುಡುಗಿ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು. ಕೊನೆಗೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಬೀಳೂದಿಲ್ಲ ನಾಗವೇಣಿ. ಇನ್ನು ಯಾವತ್ತೂ ಬೀಳೂದಿಲ್ಲ. ನಾನು ಹೇಳ್ತೇನೆ."

ಹುಡುಗಿ ಅಂದು ಮಲಗಿದಳಂತೆ. ಮುಂದಿನ ವಾರ ಶಾಲೆಗೂ ಬಂದಳು. ಮಾದೇವಿ ಒಂದು ಚೀಲ ಹಲಸಿನ ಹಪ್ಪಳ ತಂದುಕೊಟ್ಟು ಹೋದಳು. ಎಲ್ಲ ಸರಿಹೋಯಿತೆಂದು ನಾವೆಲ್ಲ ಸಮಾಧಾನಪಟ್ಟೆವು, ಅಕ್ಕೋರೊಬ್ಬರನ್ನು ಬಿಟ್ಟು. ಅವರು ಹಪ್ಪಳದ ಚೀಲವನ್ನು ಬಿಚ್ಚಿಯೂ ನೋಡದೆ ನನಗೆ ಕೊಟ್ಟುಬಿಟ್ಟರು.

ದಸರಾ ರಜೆ ಮುಗಿದ ಮೇಲೆ ಯಾವುದೋ ಟೀವಿ ಚಾನೆಲ್ಲಿನಲ್ಲಿ, ಆಕಾಶದ ಬಂಡೆಯೊಂದು ಭೂಮಿಯ ಹತ್ತಿರ ಹಾದುಹೋಗುತ್ತದೆ ಎಂದು ದಿನವಿಡೀ ಬೊಬ್ಬೆ ಹಾಕಿದರು. ಶಾಲೆಯ ಅಂಗಳದಲ್ಲಿ ಮಕ್ಕಳದ್ದೆಲ್ಲ ಅದೇ ಮಾತು. ಮಧ್ಯಾಹ್ನ ಊಟದ ಹೊತ್ತಿಗೆ ನಾಗವೇಣಿ ಸ್ಟಾಫ್ ರೂಮಿಗೆ ಬಂದಳು. ಅಳುತ್ತಿರಲಿಲ್ಲ. ನೇರ ಅಕ್ಕೋರ ಮೇಜಿನ ಮುಂದೆ ನಿಂತು, "ನೀವು ಬೀಳೂದಿಲ್ಲ ಅಂದಿದ್ರಿ" ಎಂದಳು.

ಅದು ಹತ್ತಿರ ಬರುತ್ತದಷ್ಟೆ, ಬೀಳುವುದಿಲ್ಲ ಎಂದಷ್ಟೇ ಅವರು ಹೇಳಬಹುದಿತ್ತು. ಹೇಳಿದ್ದರೆ ಅದು ನಿಜವೂ ಆಗಿತ್ತು. ಆದರೆ ಅವರು ಬುತ್ತಿ ಮುಚ್ಚಿಟ್ಟು, "ಇದು ಬೀಳೂದಿಲ್ಲ. ಆದ್ರೆ ಯಾವತ್ತೂ ಬೀಳೂದಿಲ್ಲ ಅಂತ ಅವತ್ತು ಹೇಳಿದ್ದು ಸುಳ್ಳು. ನೀನು ಮಲಗ್ಬೇಕು ಅಂತ ಹೇಳ್ದೆ. ತಪ್ಪಾಯ್ತು" ಎಂದರು.

ಹುಡುಗಿ ನಾನು ಎಣಿಸಿಯೇ ಇರದ ಒಂದು ಪ್ರಶ್ನೆ ಕೇಳಿದಳು. "ಆಗ ಬಿದ್ದ ಕಲ್ಲುಗಳು ಭೂಮಿ ಮೇಲೆ ಸಿಟ್ಟು ಮಾಡ್ಕೊಂಡು ಬಿದ್ದದ್ದಾ?"

"ಇಲ್ಲ ಮಗಾ. ಅದು ಅದರ ದಾರೀಲಿ ಹೋಗ್ತಿತ್ತು, ಭೂಮಿ ತನ್ನ ದಾರೀಲಿ. ಕಲ್ಲಿಗೆ ಯಾರ ಮೇಲೆ ಎಂತ ಸಿಟ್ಟು?"

"ಅಜ್ಜಿ ಹೇಳ್ತದೆ, ಅಪ್ಪ ಎಂತದೋ ಪಾಪ ಮಾಡಿದ್ನಂತೆ. ಅದ್ಕೇ ಅವನ ಮೇಲೇ ಬಿತ್ತಂತೆ."

ಅಕ್ಕೋರು ಎದ್ದು ನಿಂತರು. "ನಿನ್ನಪ್ಪ ಎಂತ ತಪ್ಪೂ ಮಾಡ್ಲಿಲ್ಲ. ಮನೆಗೆ ಬರ್ತಿದ್ದ. ಅಷ್ಟೇ."

"ಇದೂ ಸುಳ್ಳಾ?"

"ಅಲ್ಲ. ಇದು ನಂಗೆ ಗೊತ್ತಿದೆ."

ನಾಗವೇಣಿ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ಹೊರಗೆ ಹೋದಳು. ಶಾಲೆ ಬಿಡಲಿಲ್ಲ, ಹತ್ತನೆಯದನ್ನೂ ಪಾಸು ಮಾಡಿದಳು. ಆದರೆ ಮುಂದಿನ ಎರಡು ವರ್ಷ ಅಕ್ಕೋರ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅವರು ಕಂಡರೆ ನಮಸ್ಕಾರ ಹೇಳಿ ದಾಟಿಹೋಗುವಳು. ಅಕ್ಕೋರು ಮೇಜು ಹತ್ತುವುದನ್ನು ಬಿಟ್ಟರು. ಕಲ್ಲಿನ ಪಾಠವನ್ನು ಪುಸ್ತಕದ ಚಿತ್ರ ತೋರಿಸಿ ಬೇಗ ಮುಗಿಸುತ್ತಿದ್ದರು. ಮಕ್ಕಳು ಹೋ ಎನ್ನುವ ಸದ್ದು ಆ ಕೋಣೆಯಿಂದ ಮತ್ತೆ ಬರಲಿಲ್ಲ. ಬದಲಿಗೆ ಪ್ರತಿ ಜೂನಿನಲ್ಲೂ ಹೊಸ ಮಕ್ಕಳ ಮನೆ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಬರುವುದನ್ನು ರೂಢಿ ಮಾಡಿಕೊಂಡರು. ಬೆಳಂಬಾರ, ಹಾರವಾಡ, ಎಲ್ಲಿಗೂ. ಮಂಡಿ ನೋವಿದ್ದರೂ ಬಿಡಲಿಲ್ಲ.

ನಿವೃತ್ತರಾದ ಮರುವರ್ಷವೇ ಅವರಿಗೆ ವಾಸಿಯಾಗದ ಕಾಯಿಲೆ ಕಾಣಿಸಿಕೊಂಡಿತು. ಮಗ ಮುಚ್ಚಿಡಲು ನೋಡಿದರೂ ಡಾಕ್ಟರನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡರು. ನಾನು ಶನಿವಾರದ ಮಧ್ಯಾಹ್ನಗಳಲ್ಲಿ ಹೋಗಿ ಕೂರುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದು ಬಿಡಲೇ ಇಲ್ಲ.

ಅವರು ತೀರಿಹೋಗಿ ತಿಂಗಳಾದ ಮೇಲೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಅಕ್ಕೋರೆ" ಎಂದು ಕರೆದರು. ನಾಗವೇಣಿ. ಪೇಟೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ. ಎತ್ತರ ಬೆಳೆದಿದ್ದಳು.

"ವತ್ಸಲಾ ಅಕ್ಕೋರು ಹೋದ್ರಂತೆ" ಎಂದಳು. ಹೌದೆಂದೆ.

"ಉಳಿಯೂದಿಲ್ಲ ಅಂತ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ಕೇಳಿ ತಿಳ್ಕೊಂಡಿದ್ರು."

ಅವಳು ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಂಡಳು. "ಹೆದ್ರಿದ್ರಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ.

"ಹೆದ್ರಿದ್ರು" ಎಂದೆ. "ಬಹಳ."

ಕಾರವಾರದ ಬಸ್ಸು ಬಂದು ನಿಂತಿತು. ಜನ ನುಗ್ಗತೊಡಗಿದರು. ನಾಗವೇಣಿ ಕಣ್ಣು ಒರೆಸಿಕೊಳ್ಳದೆ ನಿಂತಿದ್ದಳು.

"ಯಾರಾದ್ರೂ ನಂಗೆ ಹೇಳ್ಬೇಕಿತ್ತು" ಎಂದಳು. "ನಾನು ಹೋಗಿ ಹತ್ರ ಕೂತ್ಕಣ್ತಿದ್ದೆ."