ಅಪ್ಪ ಬರೆಯದೆ ಬಿಟ್ಟ ಖರ್ಚು

ನಮ್ಮಪ್ಪ ಬೀದರಿನ ಗಂಜಿನಲ್ಲಿ ಕಾಳು ತೂಗುತ್ತಿದ್ದ. ಈಗ ಆ ಕಾಳಿನ ಪೇಟೆಯನ್ನು ಗಾಂಧಿ ಗಂಜ ಎನ್ನುತ್ತಾರೆ, ನಮಗೆ ಬರೀ ಗಂಜ. ತೊಗರಿ, ಹೆಸರು, ಜೋಳ ತೂಗಿ ತೂಗಿ ಅವನಿಗೆ ತೂಗದೆ ಮಾತಾಡುವುದೇ ಮರೆತುಹೋಗಿತ್ತು. ಏನು ಕೇಳಿದರೂ "ಹೊಳಿಗಿ ಹಾಕಿದ್ರೂ ಅಳದು ಹಾಕಬೇಕವ್ವಾ" ಎನ್ನುತ್ತಿದ್ದ. ನನಗೆ ಆ ತಾಳ್ಮೆ ಬರಲಿಲ್ಲ. ನನ್ನದು ಅವ್ವನ ಸಿಡುಕು ಎಂದು ಭಾಲ್ಕಿಯ ಸೋದರತ್ತೆ ಹೇಳುತ್ತಿದ್ದಳು. ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು, ಹೌದೋ ಅಲ್ಲವೋ ಕೇಳಲು ಯಾರಿದ್ದರು?

ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ವರ್ಷ ಗಂಜ ಬಹಳ ದಿನ ಬಾಗಿಲು ಹಾಕಿತ್ತು. ಮೊದಲು ರಜಾಕಾರರ ಭಯ, ಆಮೇಲೆ ಸೇಡು ತೀರಿಸಲು ಬಂದವರ ಭಯ. ಅಪ್ಪನ ಜೊತೆ ತಕ್ಕಡಿ ಹಿಡಿಯುತ್ತಿದ್ದ ಮುಸಲ್ಮಾನ ಗೆಳೆಯ ಆ ದಿನಗಳಲ್ಲಿ ತನ್ನ ಹಳ್ಳಿಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪ ಎರಡು ಸಲ ವಿಚಾರಿಸಲು ಹೋಗಿ ಬಂದ. ಏನು ತಿಳಿಯಿತೋ, ಮನೆಯಲ್ಲಿ ಬಾಯಿ ಬಿಡಲಿಲ್ಲ. ಗಂಜ ಮತ್ತೆ ತೆರೆದಾಗ ಕೆಲಸ ಅರ್ಧಕ್ಕರ್ಧ ಇಳಿದಿತ್ತು.

ಆಗ ನನಗೆ ಹದಿನೆಂಟು. ಮಿಶನ್ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿ, ಗಂಜಿನಲ್ಲಿ ಕಾಳು ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಕೂತು ದಿನಕ್ಕೆ ಆರಾಣೆ ತರುತ್ತಿದ್ದೆ. ಅತ್ತೆ ಭಾಲ್ಕಿಯಲ್ಲಿ ಒಂದು ವರ ಹುಡುಕಿದ್ದಳು. ಅದೇ ವಾರ ಮಿಶನ್ ದವಾಖಾನೆಗೆ ಜೋಳ ಕೊಳ್ಳಲು ಬಂದ ಮೇಟ್ರನ್‌ಬಾಯಿ ಅಪ್ಪನ ತಕ್ಕಡಿಯ ಮುಂದೆ ನಿಂತು, "ನಿಮ್ಮ ಮಗಳು ಓದ್ಯಾಳಂತಲ್ಲರೀ, ನರ್ಸಿಂಗಿಗೆ ಕಳಿಸ್ರಿ. ಮೂರು ವರ್ಷ ಊಟ, ಇರೋ ಜಾಗ ನಮ್ಮದು. ಆಮ್ಯಾಲ ತಿಂಗಳಿಗಿ ಅರವತ್ತು ರೂಪಾಯಿ ಪಗಾರ" ಎಂದರು. ಬಟ್ಟೆ, ಪುಸ್ತಕ, ಠೇವಣಿ ಎಂದು ಸೇರುವಾಗ ನೂರಾ ಇಪ್ಪತ್ತು ಕಟ್ಟಬೇಕಿತ್ತು.

ಅಪ್ಪ ಮನೆಯ ಕಂಬದ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಬರೆದ. ಕಟ್ಟುವ ನೂರಾ ಇಪ್ಪತ್ತು ಒಂದು ಕಡೆ. ಅದರ ಕೆಳಗೆ, ಮೂರು ವರ್ಷ ನಾನು ಗಂಜಿಗೆ ಹೋಗದಿದ್ದರೆ ತಪ್ಪುವ ಕೂಲಿ, ವರ್ಷಕ್ಕೆ ಎಂಟು ತಿಂಗಳ ಹಂಗಾಮು ಹಿಡಿದು ಇನ್ನೂರಾ ಎಪ್ಪತ್ತು. ಅದನ್ನೂ ಅವನು ಖರ್ಚಿಗೇ ಹಾಕಿದ. ಓದಿದವರು ಎಷ್ಟೋ ಜನ ಅದನ್ನು ಬಿಟ್ಟೇ ಲೆಕ್ಕ ಮಾಡುವುದನ್ನು ಆಮೇಲೆ ನೋಡಿದ್ದೇನೆ. ಪಗಾರದಲ್ಲಿ ತಿಂಗಳಿಗೆ ಮೂವತ್ತು ಉಳಿದರೆ ವರ್ಷದ ಮೇಲೊಂದು ತಿಂಗಳಿಗೆ ಅಸಲು ಕೈಗೆ.

ಅತ್ತೆ ರೈಲಿನಲ್ಲಿ ಬಂದು ಕಂಬದ ಮುಂದೆ ನಿಂತಳು. "ಅಣ್ಣಾ, ಮಂದಿ ಹೇಲು ಉಚ್ಚಿ ಬಳಿಯೋ ಕೆಲಸಕ್ಕ ರೊಕ್ಕಾ ಕೊಟ್ಟು ಕಳಸ್ತೀಯೇನು? ಈಕಿನ್ನ ಆಮ್ಯಾಲ ಯಾರು ಮಾಡ್ಕೋತಾರ?"

"ಲಗ್ನಕ್ಕ ನಾನೂರು ಬೇಕು. ಅದರಾಗ ತಿರುಗಿ ಬರೋದೇನದ ಹೇಳು" ಎಂದ ಅಪ್ಪ. ಅತ್ತೆಗೆ ಸಿಟ್ಟು ಬಂತು, ಊಟ ಮಾಡದೆ ಹೋದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೋಗುತ್ತೇನೆ ಎಂದೇ ಹೇಳುತ್ತಿದ್ದೆ, ಆದರೂ ಕೇಳಲಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಸೇರುವ ದಿನ ಅಪ್ಪ ಗಂಟು ಬಿಚ್ಚಿ ನೂರಾ ಇಪ್ಪತ್ತು ಎಣಿಸಿ ಮೇಜಿನ ಮೇಲಿಟ್ಟ. ಗುಮಾಸ್ತ ನಾಣ್ಯ ನೋಡಿ ತಲೆ ಅಲ್ಲಾಡಿಸಿದ. ನಮ್ಮದು ನಿಜಾಮರ ಹಾಲಿ ರೂಪಾಯಿ. ಅವರು ಕೇಳಿದ್ದು ಕಲದಾರ, ಅಂದರೆ ಸರಹದ್ದಿನಾಚೆ ಇಡೀ ಹಿಂದೂಸ್ತಾನದಲ್ಲಿ ನಡೆಯುವ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಗಂಜಿನಲ್ಲಿ ದಿನವೂ ಎರಡನ್ನೂ ಕಾಣುತ್ತಿದ್ದ ಅಪ್ಪ, ಮಗಳ ವಿಷಯ ಬಂದಾಗ ಯಾವ ರೂಪಾಯಿ ಎಂದು ಕೇಳುವುದನ್ನು ಮರೆತಿದ್ದ. ಇಪ್ಪತ್ತು ಹಾಲಿ ಕಡಿಮೆ ಬಿದ್ದಿತ್ತು. "ಎಂಟು ದಿನ ಟೈಮ್ ಕೊಡ್ರಿ" ಎಂದು ಕೇಳಿ ಎದ್ದ.

ಎಂಟನೇ ದಿನ ರೊಕ್ಕ ಪೂರ್ತಿ ಇತ್ತು. ಅಪ್ಪನ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇರಲಿಲ್ಲ. ನಾವು ಲಿಂಗಾಯತರು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ ಅದು, ಅಜ್ಜನಿಂದ ಬಂದದ್ದು. ಬೀದರಿನಲ್ಲಿ ಮಾರಿದರೆ ಊರಿಗೆಲ್ಲ ತಿಳಿಯುತ್ತದೆಂದು ಭಾಲ್ಕಿಯ ಅಕ್ಕಸಾಲಿಗನಿಗೆ ಮಾರಿ ಬಂದಿದ್ದ. ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಗಂಟು ಹಾಕಿಕೊಂಡಿದ್ದ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಅಂಗಿಯ ಗುಂಡಿ ಹಾಕಿಕೊಂಡ.

"ಅಂಜಬ್ಯಾಡ. ನಿನ್ನ ಕೊರಳಾಗ ಲಿಂಗ ಅದ, ನೀ ಎಲ್ಲಿದ್ರೂ ಒಬ್ಬಾಕಿ ಅಲ್ಲ" ಎಂದು ಹೇಳಿ ಗೇಟಿನಾಚೆ ಹೋದ. ನನ್ನ ಪಗಾರದಿಂದ ಮೊದಲು ಆಗುವುದು ಅಪ್ಪನ ಕರಡಿಗೆ ಎಂದು ನಾನು ಅಲ್ಲೇ ನಿಶ್ಚಯ ಮಾಡಿದೆ.

ಹೆರಿಗೆ ಕೋಣೆಯಲ್ಲಿ ಕೊರಳಿಂದ ಏನೂ ಜೋತಾಡಬಾರದು ಎಂಬುದು ದವಾಖಾನೆಯ ನಿಯಮ. ಜೊತೆಯ ಕ್ರೈಸ್ತ ಹುಡುಗಿಯರೂ ತಮ್ಮ ಶಿಲುಬೆಯ ಸರ ತೆಗೆದಿಡುತ್ತಿದ್ದರು, ನನಗೊಬ್ಬಳಿಗೇ ಮಾಡಿದ ನಿಯಮವಲ್ಲ. ಮೊದಲ ದಿನ ಲಿಂಗ ತೆಗೆದಿಟ್ಟವಳು ಮರಳಿ ಕಟ್ಟಿಕೊಂಡು ಪೂಜೆ ಮಾಡುವವರೆಗೆ ಊಟ ಮಾಡಲಿಲ್ಲ. ಎರಡನೇ ವಾರ ಹಸಿವು ತಡೆಯದೆ ಉಂಡೆ. ಡ್ಯೂಟಿಯ ಮೇಲೆ ಡ್ಯೂಟಿ ಬಿದ್ದು, ಕಟ್ಟುವುದು ಬಿಚ್ಚುವುದು ಬೇಸರವಾಗಿ, ಒಂದು ದಿನ ಲಿಂಗ ಟ್ರಂಕಿನ ತಳ ಸೇರಿತು. ಯಾರೂ ನನ್ನನ್ನು ಒತ್ತಾಯ ಮಾಡಿದ್ದಿಲ್ಲ. ಅದು ನನ್ನದೇ ಸೋಮಾರಿತನ.

ಸಂಜೆ ಆ ಹುಡುಗಿಯರು ಪ್ರಾರ್ಥನೆಗೆ ಹೋದರೆ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮಂಚ, ನಾನೊಬ್ಬಳು. ಅವರು ಕರೆಯುತ್ತಿದ್ದರು, ನಾನು ಹೋಗುತ್ತಿರಲಿಲ್ಲ. ನನ್ನ ದೇವರಂತೂ ಟ್ರಂಕಿನಲ್ಲಿದ್ದ. ಇತ್ತ ಮನೆಯವಳೂ ಅಲ್ಲ, ಅತ್ತ ಅವರವಳೂ ಅಲ್ಲ ಎಂಬಂತಾಗಿತ್ತು ನನ್ನ ಸ್ಥಿತಿ.

ತಿಂಗಳ ಮೊದಲ ಭಾನುವಾರ ಅಪ್ಪ ಗೇಟಿಗೆ ಬರುತ್ತಿದ್ದ. ಆ ದಿನ ಬೆಳಿಗ್ಗೆ ಟ್ರಂಕು ತೆಗೆದು, ಲಿಂಗ ಕಟ್ಟಿಕೊಂಡು, ಸೆರಗಿನ ಮೇಲೆ ಕಾಣುವಂತೆ ಎಳೆದುಕೊಂಡು ಹೋಗುತ್ತಿದ್ದೆ. ಅಪ್ಪ ಅರಿವೆಯ ಗಂಟಿನಲ್ಲಿ, ನಾನು ತೋರಿಕೆಯ ದಾರದಲ್ಲಿ. ಅವನು ಹೋದ ಮೇಲೆ ಬಿಚ್ಚಿ ಮತ್ತೆ ತಳಕ್ಕೆ ಹಾಕುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆದರೂ ಮುಂದಿನ ತಿಂಗಳು ಅದನ್ನೇ ಮಾಡಿದೆ.

ಮೂರು ವರ್ಷ ಮುಗಿದು ಔರಾದಿನ ಸರಕಾರಿ ದವಾಖಾನೆಗೆ ಹಾಕಿದರು. ಪಗಾರ ಅರವತ್ತೇ, ಆದರೆ ಹಾಲಿ. ಕೊಡುವಾಗ ಕಲದಾರ, ಬರುವಾಗ ಹಾಲಿ. ಅಪ್ಪನಿಗೆ ಬರೆದಾಗ ನಕ್ಕಿರಬೇಕು. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ಉಳಿದ ದಿನ ಎಲ್ಲ ನನ್ನ ತಲೆಯ ಮೇಲೆ. ಹೆಂಗಸರು ನೋವೆದ್ದಾಗ "ನರ್ಸ್‌ಬಾಯಿ, ಲಗೂ ಬರ್ರೀ" ಎಂದು ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಕೂಸು ಅತ್ತ ಮೇಲೆ ಅವರ ಮನೆಯವರೇ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಬೇರೆ ಇಟ್ಟ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರು. ಸೂತಕ ಮುಟ್ಟುವ ಕೈ ಎಂದು. ಅವರಲ್ಲಿ ನಮ್ಮವರೂ ಇದ್ದರು. ಬಸವಣ್ಣನ ಮನೆಯಲ್ಲಿ ಸೂತಕ ಎಲ್ಲಿಯದು ಎಂದು ಜಗಳ ತೆಗೆಯಬಹುದಿತ್ತು. ಲಿಂಗವಿಲ್ಲದ ಕೊರಳಿಟ್ಟುಕೊಂಡು ಯಾವ ಬಾಯಿಂದ ಕೇಳಲಿ? ಚಹಾ ಕುಡಿದು, ಕಪ್ಪು ತೊಳೆದಿಟ್ಟು, ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೆಲವು ದಿನ ಮಾತು ಮರೆತುಹೋದೀತೆಂದು ಒಲೆಯ ಜೊತೆ ಮಾತಾಡಿದ್ದುಂಟು.

ನಾಲ್ಕನೇ ತಿಂಗಳು ರಜೆ ಹಾಕಿ ಭಾಲ್ಕಿಗೆ ಹೋಗಿ, ಅದೇ ಅಕ್ಕಸಾಲಿಗನಿಂದ ಅದೇ ಮಾದರಿಯ ಕರಡಿಗೆ ಮಾಡಿಸಿ, ಬೀದರಿಗೆ ಬಂದೆ. ಅಪ್ಪ ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿದ. "ಹನ್ನೆರಡು ತೊಲಿ" ಎಂದ. ತೂಕ ಸರಿಯಾಗಿತ್ತು.

"ನನಗ ಅರಿವಿ ರೂಢಿ ಆಗ್ಯದ. ಇದು ನಿನಗಿರಲಿ. ನಿನ್ನ ಲಿಂಗ ಕೊಡು, ನಾನೇ ಇಡ್ತೀನಿ" ಎಂದು ಕೈ ಚಾಚಿದ.

ನನ್ನ ಕೈ ಕೊರಳಿಗೆ ಹೋಯಿತು. ಬೆಳ್ಳಿ ತರುವ ಸಂಭ್ರಮದಲ್ಲಿ, ಅಪ್ಪನ ಮುಂದೆ ಹೋಗುವಾಗ ಲಿಂಗ ಕಟ್ಟಿಕೊಳ್ಳಬೇಕೆಂಬುದೇ ಮರೆತಿತ್ತು. ಅದು ಔರಾದಿನಲ್ಲಿ, ಟ್ರಂಕಿನಲ್ಲಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಹೆರಿಗೆ ಕೋಣೆಯಿಂದ ಹಿಡಿದು ಗೇಟಿನ ಭಾನುವಾರಗಳವರೆಗೆ ಎಲ್ಲ ಹೇಳಿದೆ. ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆ ದಿನ ಅವನು ಉಣ್ಣಲಿಲ್ಲ.

ಬೆಳಿಗ್ಗೆ ನಾನು ಔರಾದಿನ ಬಸ್ಸು ಹತ್ತಿದರೆ ಹಿಂದೆಯೇ ಅಪ್ಪ ಹತ್ತಿದ. ದಾರಿಯುದ್ದಕ್ಕೂ ಕರಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಕೋಣೆಯಲ್ಲಿ ನಿಂತು ಸುತ್ತ ನೋಡಿದ. ಒಂದು ಗಂಗಾಳ, ಒಂದು ಲೋಟ, ಒಂದು ಚಾಪೆ. ಆಮೇಲೆ ತಾನೇ ಟ್ರಂಕು ತೆಗೆದು ತಳದಿಂದ ಲಿಂಗ ತೆಗೆದ, ನೀರಲ್ಲಿ ತೊಳೆದು ವಿಭೂತಿ ಹಚ್ಚಿದ. ತನ್ನ ಕೊರಳಿನ ಗಂಟು ಬಿಚ್ಚಿ ತನ್ನ ಲಿಂಗವನ್ನು ಕರಡಿಗೆಯಲ್ಲಿಟ್ಟು ಹಾಕಿಕೊಂಡ. ಬಿಡುವಾದ ಆ ಹಳೆಯ ಅರಿವೆಯಲ್ಲಿ ನನ್ನ ಲಿಂಗ ಸುತ್ತಿ, ನನ್ನ ತೋಳಿಗೆ, ರವಿಕೆಯ ತೋಳಿನೊಳಗೆ ಕಟ್ಟಿದ.

"ತೋಳಿನ್ಯಾಗ ಕಟ್ಟಿದ್ರ ಜೋತಾಡೂದಿಲ್ಲ. ಕೇಳಿದ್ರ ಅವತ್ತೇ ಹೇಳ್ತಿದ್ದೆ" ಎಂದ.

ಅಪ್ಪ ಬೈಯುತ್ತಾನೆ ಎಂದು ಕಾದೆ. ಅವನು ಗಂಟು ಬಿಗಿ ಇದೆಯೇ ಎಂದು ಇನ್ನೊಮ್ಮೆ ನೋಡಿದ.

"ನಾ ಎಲ್ಲಾ ಲೆಕ್ಕಾ ಬರ್ದಿದ್ದೆ. ಇದೊಂದು ಬರ್ದಿದ್ದಿಲ್ಲ" ಎಂದ. "ಇಷ್ಟು ವರ್ಷ ನೀ ಒಬ್ಬಾಕೀನೇ ಇದ್ದಿ."